ನೆನಪೋಲೆಯ ಸವಿ

ಮೊದಲ ಪತ್ರವನ್ನು ಯಾರಾದರೂ ಬರೆದಾರು. ಅದರಲ್ಲಿ ಹುರುಪಿರುತ್ತದೆ, ಆಸೆಯಿರುತ್ತದೆ, ಹೇಳುವುದಕ್ಕೆ ಸಂಗತಿಯೂ ಇರುತ್ತದೆ. ಬರೆದವರ ಗುಣ ತಿಳಿಯುವುದು ಉತ್ತರ ಬಾರದೆ ಹೋದಾಗ ಬರೆಯುವ ಎರಡನೆಯ ಪತ್ರದಲ್ಲಿ. ಅಷ್ಟು ಹೊತ್ತಿಗೆ ಹೇಳಬೇಕಾದ್ದನ್ನೆಲ್ಲ ಹೇಳಿಯಾಗಿರುತ್ತದೆ. ಮನಸ್ಸಿನಲ್ಲಿ ಅಳುಕು ಸೇರಿರುತ್ತದೆ, ಒಂದಿಷ್ಟು ಬೇಸರವೂ ಕೂಡಿರುತ್ತದೆ. ಆ ಕಡೆ ಇರುವವರು ದೊಡ್ಡವರು, ಅವರಿಂದ ನಮಗೆ ಕೆಲಸವಾಗಬೇಕು. ಇಷ್ಟರ ನಡುವೆ ಅವರ ಮನಸ್ಸು ನೋಯದಂತೆ, ನಮ್ಮ ಮಾನವೂ ಕುಂದದಂತೆ, ನಾಲ್ಕಾರು ಸಾಲಿನಲ್ಲಿ ಮತ್ತೆ ಕೇಳಬೇಕು. ಇದನ್ನು ಸರಿಯಾಗಿ ಮಾಡಿದ ಪತ್ರ ಕಣ್ಣಿಗೆ ಬಿದ್ದರೆ ನಾನು ಅದನ್ನು ಬೇಗ ಕೆಳಗಿಡಲಾರೆ. ಒಂದೊಂದು ಸಾಲನ್ನೂ ನಿಂತು ಓದುತ್ತೇನೆ. ಯಾವ ಮಾತನ್ನು ಎಲ್ಲಿಟ್ಟಿದ್ದಾರೆ, ಯಾವುದನ್ನು ಬಾಯಿಗೆ ಬಂದರೂ ಬಿಟ್ಟಿದ್ದಾರೆ ಎಂದು ನೋಡುತ್ತೇನೆ. ಸರ್ಕಾರಿ ಕಚೇರಿಗಳಲ್ಲಿ ಇಂಥ ಪತ್ರಕ್ಕೆ ನೆನಪೋಲೆ ಎಂಬ ಚೆಂದದ ಹೆಸರಿದೆ. ಅದು ಕಡತದೊಳಗೆ ಸೇರಿ ಮರೆಯಾಗುವ ಕಾಗದವಾದ್ದರಿಂದ ಅದರ ಚೆಲುವನ್ನು ಕುರಿತು ಯಾರೂ ಬರೆಯುವುದಿಲ್ಲ. ನನಗೆ ಬರೆಯಬೇಕೆನಿಸಿದೆ.

ರಾಯಚೂರು ಜಿಲ್ಲೆಯ ಸಿಂಧನೂರಿನ ಸುತ್ತಿನ ಕಾಲೇಜುಗಳಲ್ಲಿ ಬೇಸಿಗೆ ಹತ್ತಿರವಾದಂತೆ ಒಂದು ಮಾತು ಕಿವಿಗೆ ಬೀಳತೊಡಗುತ್ತದೆ: “ಗೈಡ್ ಮೇಡಮ್ಮಗ ಮೇಲ್ ಹಾಕೀನ್ರಿ ಸರ್, ರಿಪ್ಲೈ ಬಂದಿಲ್ರಿ.” ಬೆಂಗಳೂರಿನ ಭಾರತೀಯ ವಿಜ್ಞಾನ ಅಕಾಡೆಮಿ ದೇಶದ ಇನ್ನೆರಡು ವಿಜ್ಞಾನ ಅಕಾಡೆಮಿಗಳೊಂದಿಗೆ ಸೇರಿ ಬೇಸಿಗೆ ಸಂಶೋಧನಾ ಫೆಲೋಶಿಪ್ ಕೊಡುತ್ತದೆ. ಜಕ್ಕೂರಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರವೂ ಕೊಡುತ್ತದೆ. ದೂರದ ತಾಲ್ಲೂಕಿನ ಮಕ್ಕಳು ಸುಮಾರು ಎರಡು ತಿಂಗಳು ನಿಜವಾದ ಪ್ರಯೋಗಾಲಯದಲ್ಲಿ ನಿಜವಾದ ವಿಜ್ಞಾನಿಯ ಕೈಕೆಳಗೆ ಕೆಲಸ ಮಾಡಲು ಇವು ತೆರೆದಿಟ್ಟ ಬಾಗಿಲುಗಳು. ರಾಯಚೂರಿನ ಕೃಷಿ ವಿಶ್ವವಿದ್ಯಾಲಯದಲ್ಲಾಗಲಿ ಬೇರೆ ಸಂಸ್ಥೆಯಲ್ಲಾಗಲಿ ಪ್ರಾಜೆಕ್ಟ್ ಮಾಡಲು ಹೊರಡುವವರೂ ಇದ್ದಾರೆ. ಆಯ್ಕೆಯ ಪತ್ರ ಬರುತ್ತದೆ, ಮನೆಯಲ್ಲಿ ಸಿಹಿ ಹಂಚುತ್ತಾರೆ. ಆಮೇಲೆ ಮಾರ್ಗದರ್ಶಕರಿಗೆ ಬರೆದ ಪತ್ರಕ್ಕೆ ಉತ್ತರವಿಲ್ಲ. ಯಾವ ದಿನ ಹೋಗಬೇಕು, ಹಾಸ್ಟೆಲ್ ಸಿಗುತ್ತದೋ ಇಲ್ಲವೋ, ಮುಂಚೆಯೇ ಏನಾದರೂ ಓದಿಕೊಳ್ಳಬೇಕೋ, ಒಂದೂ ತಿಳಿಯುವುದಿಲ್ಲ. ಅಪ್ಪ ದಿನಕ್ಕೊಮ್ಮೆ ಕೇಳುತ್ತಾರೆ. ಗೆಳತಿಯರಿಗೆಲ್ಲ ಉತ್ತರ ಬಂದಿರುತ್ತದೆ.

ಮೌನಕ್ಕೆ ಕಾರಣಗಳು ಬೇಕಾದಷ್ಟಿವೆ. ಪ್ರಾಧ್ಯಾಪಕರ ಅಂಚೆಪೆಟ್ಟಿಗೆಗೆ ದಿನವೂ ರಾಶಿ ಪತ್ರ ಬರುತ್ತದೆ. ಫೆಬ್ರುವರಿ, ಮಾರ್ಚ್ ಎಂದರೆ ಹಣಕಾಸಿನ ವರ್ಷದ ಕೊನೆ, ಯೋಜನೆಗಳ ಲೆಕ್ಕ ಒಪ್ಪಿಸುವ ಕಾಲ. ಮೌಲ್ಯಮಾಪನಕ್ಕೆ ಬಂದ ಪ್ರಬಂಧಗಳು ಮೇಜಿನ ಮೇಲಿರುತ್ತವೆ. ಪತ್ರವನ್ನು ತೆರೆದು, ಸಂಜೆ ಉತ್ತರಿಸೋಣ ಎಂದುಕೊಂಡಿರುತ್ತಾರೆ, ಅಷ್ಟರಲ್ಲಿ ಅದು ಕೆಳಗೆ ಕೆಳಗೆ ಸರಿದುಹೋಗಿರುತ್ತದೆ. ಎಷ್ಟೋ ಸಲ ಪತ್ರ ತಲುಪಿರುವುದೇ ಇಲ್ಲ. ಇದನ್ನು ಬಲ್ಲ ವಿದ್ಯಾರ್ಥಿನಿ ಮೌನವನ್ನು ತಿರಸ್ಕಾರವೆಂದು ಓದುವುದಿಲ್ಲ. ಒಳ್ಳೆಯ ನೆನಪೋಲೆ ಹುಟ್ಟುವುದು ಈ ತಿಳಿವಳಿಕೆಯಿಂದ. ಎದುರಿನವರು ಒಳ್ಳೆಯವರೇ, ಕೆಲಸದಲ್ಲಿ ಮುಳುಗಿದ್ದಾರೆ ಎಂದು ನಿಜವಾಗಿಯೂ ನಂಬಿ ಬರೆದ ಸಾಲಿಗೂ, ನಂಬಿದಂತೆ ತೋರಿಸಿ ಬರೆದ ಸಾಲಿಗೂ ಇರುವ ಅಂತರ ಓದಿದ ತಕ್ಷಣ ತಿಳಿಯುತ್ತದೆ.

ಆರ್.ಎಚ್. ಕ್ಯಾಂಪಿನ ಮಕ್ಕಳು ಬರೆದ ಪತ್ರಗಳಲ್ಲಿ ಈ ನಂಬಿಕೆಯ ದನಿ ನನಗೆ ಹೆಚ್ಚಾಗಿ ಕೇಳಿಸಿದೆ. ಅದಕ್ಕೆ ಕಾರಣವಿದೆ. ಪೂರ್ವ ಪಾಕಿಸ್ತಾನವಾಗಿದ್ದ ಇಂದಿನ ಬಾಂಗ್ಲಾದೇಶದಿಂದ ಮನೆಮಠ ಬಿಟ್ಟು ಬಂದ ಬಂಗಾಳಿ ಕುಟುಂಬಗಳಿಗೆ ಸರ್ಕಾರ ಸಿಂಧನೂರು ತಾಲ್ಲೂಕಿನಲ್ಲಿ ಭೂಮಿ ಕೊಟ್ಟು ನೆಲೆ ನಿಲ್ಲಿಸಿತು. ಆರ್.ಎಚ್. ಎಂಬ ಹೆಸರಿನ ಈ ಪುನರ್ವಸತಿ ಕ್ಯಾಂಪುಗಳನ್ನು ಇಂದಿಗೂ ಅವುಗಳ ಸಂಖ್ಯೆಯಿಂದಲೇ ಕರೆಯುತ್ತಾರೆ. ನೀರಿನ ನಾಡಿನಿಂದ ಬಂದವರು ತುಂಗಭದ್ರಾ ಎಡದಂಡೆ ಕಾಲುವೆಯ ಸೀಮೆಯಲ್ಲಿ ಭತ್ತ ಬೆಳೆದರು, ಮೀನು ಸಾಕಿದರು, ದುರ್ಗಾಪೂಜೆಗೆ ಪೆಂಡಾಲು ಹಾಕಿದರು. ಮನೆಯಲ್ಲಿ ಬಂಗಾಳಿ, ಶಾಲೆಯಲ್ಲಿ ಕನ್ನಡ, ಸಂತೆಯಲ್ಲಿ ಸಿಂಧನೂರಿನ ಕನ್ನಡ. ಇದರ ಜೊತೆಗೆ ಅವರು ಕಲಿತ ಇನ್ನೊಂದು ಭಾಷೆ ಅರ್ಜಿಯ ಭಾಷೆ. ಪೌರತ್ವದ ಕಾಗದಕ್ಕಾಗಿ ಬಹಳ ಮನೆಗಳು ದಶಕಗಳ ಕಾಲ ಕಾದವು. 2019ರ ಡಿಸೆಂಬರಿನಲ್ಲಿ ಪೌರತ್ವ ಕಾಯ್ದೆಯ ತಿದ್ದುಪಡಿ ಆಯಿತು, ಅದರ ನಿಯಮಗಳು ಹೊರಬಂದದ್ದು 2024ರ ಮಾರ್ಚಿನಲ್ಲಿ. ಕ್ಯಾಂಪಿನ ಕೆಲವರ ಕೈಗೆ ಪ್ರಮಾಣಪತ್ರ ಬಂದದ್ದೂ ಆ ವರ್ಷವೇ. ಅಷ್ಟು ಕಾಲ ಮನೆಯ ಹಿರಿಯರು ಟ್ರಂಕಿನಲ್ಲಿ ಕಾಗದಗಳನ್ನು ಕಾಪಾಡಿದರು. ಮತ್ತೆ ಬರೆಯುವುದು ಅವಮಾನವಲ್ಲ, ಬರೆಯುವುದನ್ನು ಬಿಟ್ಟರೆ ಕೇಳುವ ಹಕ್ಕೇ ಸವೆದುಹೋಗುತ್ತದೆ ಎಂಬುದು ಆ ಮನೆಗಳ ಮಕ್ಕಳಿಗೆ ಯಾರೂ ಹೇಳಿಕೊಡದೆ ಬಂದ ಅರಿವು.

ನಮ್ಮ ಸೀಮೆಯ ಉಳಿದ ಊರುಗಳಲ್ಲೂ ಈ ಅರಿವಿಗೆ ಕೊರತೆಯಿಲ್ಲ. ಕಾಲುವೆಯ ಕೊನೆಯಂಚಿನ ರೈತರು ತಮ್ಮ ಪಾಲಿನ ನೀರಿಗಾಗಿ ಹಂಗಾಮು ಹಂಗಾಮಿಗೂ ನೆನಪು ಮಾಡುತ್ತಲೇ ಬಂದವರು. ಅವರು ಕೇಳುವ ರೀತಿಯನ್ನು ಗಮನಿಸಬೇಕು. ಕೆಲಸವಿದ್ದು ಸಾಹೇಬರ ಮುಂದೆ ಹೋದ ಹಿರಿಯರು ಬಾಗಿಲಲ್ಲೇ ಕೆಲಸದ ಮಾತೆತ್ತುವುದಿಲ್ಲ. “ಈ ಕಡಿ ಬಂದಿದ್ನಿರಿ, ಮಾತಾಡಿಸಿಕೊಂಡು ಹೋಗೋಣಂತ ಬಂದೆ” ಎನ್ನುತ್ತಾರೆ. ಆರಾಮ ಕೇಳುತ್ತಾರೆ. ಮಳೆಯ ಮಾತು, ಮಕ್ಕಳ ಓದಿನ ಮಾತು ಆಗುತ್ತದೆ. ಎದ್ದು ನಿಂತ ಮೇಲೆ, ಕೈ ಮುಗಿಯುತ್ತ, “ಹಂಗಾರ ನಮ್ಮದೊಂದು ಕಾಗದ ಐತ್ರಿ ನಿಮ್ಮ ಹಂತ್ಯಾಕ” ಎಂದು ಒಂದೇ ಒಂದು ಮಾತು. ಸಾಹೇಬರಿಗೆ ನಾಚಿಕೆಪಡಬೇಕಾದ ಸಂದರ್ಭವೇ ಬರಲಿಲ್ಲ, ಕಾಗದದ ನೆನಪೂ ಆಯಿತು. ಈ ನಡವಳಿಕೆಯಲ್ಲಿ ದೈನ್ಯವಿಲ್ಲ. ನಾನು ಅಧಿಕಾರಿಯನ್ನು ಮನುಷ್ಯನೆಂದು ಕಾಣುತ್ತೇನೆ, ಅವನೂ ನನ್ನನ್ನು ಹಾಗೆಯೇ ಕಾಣಲಿ ಎಂಬ ಸಮಾನತೆಯ ಬಿಗಿ ಇದೆ.

ಆರಾಮ ಕೇಳಿ ಕೆಲಸದ ಮಾತಿಗೆ ಬರುವ ಈ ಕ್ರಮ ನಮ್ಮ ನೆಲದಲ್ಲಿ ಎಷ್ಟು ಹಳೆಯದು ಎಂದು ನೋಡಲು ಬಂಡೆಗಳ ಬಳಿ ಹೋಗಬೇಕು. ನಮ್ಮ ನೆರೆಯ ಮಸ್ಕಿಯಲ್ಲಿ 1915ರಲ್ಲಿ ಚಿನ್ನದ ಗಣಿಯ ಎಂಜಿನಿಯರ್ ಬೀಡನ್ ಕಂಡ ಶಾಸನ ಅಶೋಕನ ಹೆಸರನ್ನೇ ಹೇಳಿ ಜಗತ್ತಿಗೆಲ್ಲ ಪರಿಚಿತವಾಯಿತು. ಅದೇ ಸಂದೇಶದ ಇನ್ನೆರಡು ಪ್ರತಿಗಳು ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿ, ಸಿದ್ದಾಪುರಗಳಲ್ಲಿವೆ. 1892ರಲ್ಲಿ ಬಿ.ಎಲ್. ರೈಸ್ ಅವನ್ನು ಬೆಳಕಿಗೆ ತಂದರು. ಅವುಗಳ ಆರಂಭವನ್ನು ನಾನು ಬಹಳ ಪ್ರೀತಿಯಿಂದ ನೆನೆಯುತ್ತೇನೆ. ಸುವರ್ಣಗಿರಿಯಲ್ಲಿದ್ದ ರಾಜಕುಮಾರನೂ ಅವನ ಮಹಾಮಾತ್ರರೂ ಇಸಿಲದ ಮಹಾಮಾತ್ರರಿಗೆ ಆಜ್ಞೆ ಕಳಿಸುತ್ತಿದ್ದಾರೆ. ಆ ಸುವರ್ಣಗಿರಿ ನಮ್ಮ ಸೀಮೆಗೆ ಹತ್ತಿರದ ಕನಕಗಿರಿಯೇ ಎನ್ನುವ ವಿದ್ವಾಂಸರಿದ್ದಾರೆ, ಆಂಧ್ರದ ಜೊನ್ನಗಿರಿ ಎನ್ನುವವರೂ ಇದ್ದಾರೆ. ಆಜ್ಞೆ ಚಕ್ರವರ್ತಿಯದು, ಹೇಳುವವನು ರಾಜಕುಮಾರ, ಕೇಳುವವರು ದೂರದ ಊರಿನ ಅಧಿಕಾರಿಗಳು. ಆದರೂ ಮೊದಲು ಬರುವುದು ಆಜ್ಞೆಯಲ್ಲ. ಇಸಿಲದವರ ಆರೋಗ್ಯವನ್ನು ವಿಚಾರಿಸಬೇಕು ಎಂಬ ಮಾತು ಮೊದಲು, ಆಮೇಲೆ ದೇವಾನಾಂಪ್ರಿಯನೆಂಬ ಅಶೋಕನ ಅಪ್ಪಣೆ. ಎರಡು ಸಾವಿರದ ಇನ್ನೂರು ವರ್ಷಗಳಿಗೂ ಹಿಂದಿನ ಕಚೇರಿ ಪತ್ರವೊಂದು ಕರ್ನಾಟಕದ ಕಲ್ಲಿನ ಮೇಲೆ ಇನ್ನೂ ಆರಾಮ ಕೇಳುತ್ತಿದೆ. ಕೊನೆಯಲ್ಲಿ ಬರೆದವನ ಹೆಸರೂ ಇದೆ, ಚಪಡ ಎಂದು. ಲಿಪಿಕಾರ ಎಂಬ ತನ್ನ ಕೆಲಸದ ಹೆಸರನ್ನು ಅವನು ಖರೋಷ್ಠಿ ಲಿಪಿಯಲ್ಲಿ ಕೊರೆದ. ಬರೆದವರು ಯಾರೆಂದು ಓದುವವರಿಗೆ ತಿಳಿಯಲಿ ಎಂಬ ಕಾಳಜಿ ಅಂದಿನದೂ ಹೌದು.

ಇನ್ನೂ ಸವಿಯಾದದ್ದು ಕಲಬುರಗಿ ಜಿಲ್ಲೆಯ ಸನ್ನತಿಯಲ್ಲಿದೆ. ಭೀಮಾ ತೀರದ ಚಂದ್ರಲಾಂಬಾ ಗುಡಿಯ ಆವರಣದಲ್ಲಿ ಕಾಳಿಯ ಮೂರ್ತಿಗೆ ಪೀಠವಾಗಿದ್ದ ಒಂದು ಕಲ್ಲು, 1980ರ ದಶಕದ ಕೊನೆಗೆ, ಅಶೋಕನ ಶಾಸನವೆಂದು ತಿಳಿಯಿತು. ಅದರ ಮೇಲಿರುವವುಗಳಲ್ಲಿ ಹದಿನಾಲ್ಕನೆಯ ಶಿಲಾಶಾಸನವೂ ಒಂದು. ಅದರಲ್ಲಿ ಅಶೋಕ ತನ್ನ ಬರವಣಿಗೆಯ ಬಗೆಗೇ ಮಾತಾಡುತ್ತಾನೆ. ತನ್ನ ಶಾಸನಗಳು ಕೆಲವೆಡೆ ಚಿಕ್ಕದಾಗಿ, ಕೆಲವೆಡೆ ಮಧ್ಯಮವಾಗಿ, ಕೆಲವೆಡೆ ವಿಸ್ತಾರವಾಗಿ ಇವೆ ಎನ್ನುತ್ತಾನೆ. ಕೆಲವು ಮಾತು ಮತ್ತೆ ಮತ್ತೆ ಬಂದಿದ್ದರೆ ಅದಕ್ಕೆ ಕಾರಣ ಆ ವಿಷಯದ ಮಾಧುರ್ಯ, ಜನ ಹಾಗೆ ನಡೆದುಕೊಳ್ಳಲಿ ಎಂಬ ಆಸೆ ಎನ್ನುತ್ತಾನೆ. ಎಲ್ಲಿಯಾದರೂ ಅರೆಕೊರೆ ಇದ್ದರೆ ಲಿಪಿಕಾರನ ತಪ್ಪಿರಬಹುದು ಎಂದೂ ಸೇರಿಸುತ್ತಾನೆ. ಆಜ್ಞೆ ಮಾಡಬಲ್ಲ ದೊರೆ ಹೀಗೆ ಮತ್ತೆ ಹೇಳಿದ್ದಕ್ಕೆ ಕಾರಣ ಕೊಡುತ್ತಾನೆ, ಮತ್ತು ಆ ಕಾರಣ ಕೇಳುವವರ ಅಲಕ್ಷ್ಯವಲ್ಲ, ವಿಷಯದ ಸವಿ. ಇದಕ್ಕಿಂತ ದೊಡ್ಡ ಸೌಜನ್ಯವನ್ನು ನಾನು ಕಂಡಿಲ್ಲ. ನೀವು ಮರೆತಿರಿ, ಆದ್ದರಿಂದ ಮತ್ತೆ ಹೇಳುತ್ತೇನೆ ಎಂಬಲ್ಲಿ ಕೇಳುವವರು ಅಪರಾಧಿಯಾಗುತ್ತಾರೆ. ಈ ಕೆಲಸ ನನಗೆ ಇಷ್ಟು ಪ್ರಿಯವಾದದ್ದು, ಆದ್ದರಿಂದ ಮತ್ತೆ ಹೇಳುತ್ತೇನೆ ಎಂಬಲ್ಲಿ ಇಬ್ಬರೂ ಒಂದೇ ಕಡೆ ನಿಂತು ಒಂದೇ ವಸ್ತುವನ್ನು ನೋಡುತ್ತಾರೆ. ಕಳಿಂಗದ ಧೌಲಿ, ಜೌಗಡಗಳಲ್ಲಿ ಅಧಿಕಾರಿಗಳಿಗಾಗಿಯೇ ಬರೆಸಿದ ಪ್ರತ್ಯೇಕ ಶಾಸನಗಳಿವೆ, ಸನ್ನತಿಯ ಕಲ್ಲಿನ ಮೇಲೂ ಅವು ಇವೆ. ಅವನ್ನು ತಿಷ್ಯ ನಕ್ಷತ್ರದ ದಿನಗಳಂದು ಓದಿ ಕೇಳಿಸಬೇಕು, ನಡುವೆ ಸಂದರ್ಭ ಬಂದಾಗ ಒಬ್ಬನಿದ್ದರೂ ಕೇಳಿಸಬೇಕು ಎಂಬ ಏರ್ಪಾಡು ಅಲ್ಲಿದೆ. ನೆನಪು ಮಾಡುವುದಕ್ಕೆ ಒಂದು ಲಯವಿರಬೇಕು, ಹೊತ್ತುಗೊತ್ತು ಇರಬೇಕು ಎಂಬುದು ಆಗಲೇ ತಿಳಿದಿತ್ತು.

ಕ್ಯಾಂಪಿನ ಮಕ್ಕಳಿಗೆ ನಾನು ಪ್ರೀತಿಯಿಂದ ಹೇಳುವ ಇನ್ನೊಂದು ಪತ್ರ ಅವರ ಅಜ್ಜಂದಿರ ನಾಡಿನಿಂದ ಹೊರಟದ್ದು. 1924ರ ಜೂನ್ 4ರಂದು ಢಾಕಾ ವಿಶ್ವವಿದ್ಯಾಲಯದ ಸತ್ಯೇಂದ್ರನಾಥ ಬೋಸ್ ಬರ್ಲಿನ್ನಿನ ಐನ್‌ಸ್ಟೀನರಿಗೆ ತಮ್ಮ ಲೇಖನದೊಂದಿಗೆ ಕಳಿಸಿದ ಪತ್ರ ಅದು. ಚಿಕ್ಕ ಪತ್ರ. ಲೇಖನದಲ್ಲಿ ಏನು ಸಾಧಿಸಲು ಹೊರಟಿದ್ದೇನೆ ಎಂಬುದು ಮೊದಲು ಬರುತ್ತದೆ. ಯೋಗ್ಯವೆನಿಸಿದರೆ ಜರ್ಮನ್ ಪತ್ರಿಕೆಯೊಂದರಲ್ಲಿ ಅಚ್ಚಾಗುವಂತೆ ಮಾಡಿ ಎಂಬ ಸ್ಪಷ್ಟ ಬೇಡಿಕೆ ಆಮೇಲೆ. ತಾನು ಪೂರ್ತಿ ಅಪರಿಚಿತನಾದರೂ ಕೇಳಲು ಹಿಂಜರಿಯುತ್ತಿಲ್ಲ, ಏಕೆಂದರೆ ನಿಮ್ಮ ಬರಹಗಳಿಂದ ಕಲಿತ ನಾವೆಲ್ಲ ನಿಮ್ಮ ಶಿಷ್ಯರೇ ಎಂಬ ಭಾವ ಅದರ ಬೆನ್ನಿಗೆ. ಕೊನೆಯಲ್ಲಿ ನನ್ನನ್ನು ಪ್ರತಿಸಲವೂ ತಡೆದು ನಿಲ್ಲಿಸುವ ಒಂದು ನೆನಪು ಬರುತ್ತದೆ. ಸಾಪೇಕ್ಷತಾ ಸಿದ್ಧಾಂತದ ಲೇಖನಗಳನ್ನು ಇಂಗ್ಲಿಷಿಗೆ ತರಲು ಕಲ್ಕತ್ತೆಯಿಂದ ಯಾರೋ ಹಿಂದೆ ಅನುಮತಿ ಕೇಳಿದ್ದರು, ನೀವು ಕೊಟ್ಟಿದ್ದಿರಿ, ನಿಮಗೆ ಈಗ ನೆನಪಿದೆಯೋ ಇಲ್ಲವೋ, ಆ ಪುಸ್ತಕ ಬಂದಿದೆ, ಸಾಮಾನ್ಯ ಸಾಪೇಕ್ಷತೆಯ ಭಾಗವನ್ನು ಅನುವಾದಿಸಿದವನು ನಾನು ಎನ್ನುತ್ತಾರೆ ಬೋಸ್. ಮೇಘನಾದ ಸಾಹಾ ಜೊತೆಗೂಡಿ ಮಾಡಿದ ಆ ಪುಸ್ತಕವನ್ನು ಕಲ್ಕತ್ತಾ ವಿಶ್ವವಿದ್ಯಾಲಯ 1920ರಲ್ಲಿ ಹೊರತಂದಿತ್ತು.

ಈ ಕೊನೆಯ ಮಾತಿನ ನಯವನ್ನು ನೋಡಿ. ನೆನಪಿಲ್ಲದಿದ್ದರೆ ಅದು ದೊಡ್ಡವರ ತಪ್ಪಲ್ಲ ಎಂದು ಮುಂಚೆಯೇ ದಾರಿ ಬಿಟ್ಟುಕೊಟ್ಟಿದ್ದಾರೆ. ನೀವು ಕೊಟ್ಟ ಅನುಮತಿ ವ್ಯರ್ಥವಾಗಲಿಲ್ಲ, ಅದರಿಂದ ಕೆಲಸವಾಯಿತು ಎಂಬ ಲೆಕ್ಕವನ್ನೂ ಒಪ್ಪಿಸಿದ್ದಾರೆ. ತಮ್ಮ ಪರಿಚಯವನ್ನು ಪದವಿಗಳ ಪಟ್ಟಿಯಿಂದ ಮಾಡದೆ, ಇಬ್ಬರಿಗೂ ಸಂಬಂಧಪಟ್ಟ ಒಂದು ಕೆಲಸದಿಂದ ಮಾಡಿಕೊಂಡಿದ್ದಾರೆ. ಉತ್ತರ ಬರುವ ಮೊದಲೇ, ಜೂನ್ 15ರಂದು, ಇನ್ನೊಂದು ಲೇಖನದೊಂದಿಗೆ ಮತ್ತೆ ಬರೆದರು. ಎರಡನೆಯ ಪತ್ರದ ಕೈಯಲ್ಲಿ ಹೊಸತೊಂದು ಇತ್ತು. ಐನ್‌ಸ್ಟೀನ್ ಮೊದಲ ಲೇಖನವನ್ನು ತಾವೇ ಜರ್ಮನ್ ಭಾಷೆಗೆ ತಂದು ಪ್ರಕಟಿಸಿದರು, ಜುಲೈ 2ರಂದು ಒಂದು ಅಂಚೆ ಕಾರ್ಡು ಬರೆದರು. ವಿದೇಶಕ್ಕೆ ಹೋಗಿ ಕಲಿಯಲು ಬೋಸರಿಗೆ ರಜೆ ಸಿಗಲು ಆ ಕಾರ್ಡು ನೆರವಾಯಿತು. ಬೋಸ್–ಐನ್‌ಸ್ಟೀನ್ ಸಂಖ್ಯಾಶಾಸ್ತ್ರ ಎಂದು ಇಂದು ಭೌತವಿಜ್ಞಾನದ ಪಾಠವಾಗಿರುವುದು ಈ ಓಲೆಗಳಿಂದ ಬೆಳೆದ ಕೆಲಸ.

ಬರೆದು ಸಾಕಾದಾಗ ಎದುರಿಗೆ ಹೋಗಿ ನಿಲ್ಲುವುದೂ ನೆನಪೋಲೆಯ ಒಂದು ರೂಪ. 1933ರಲ್ಲಿ ಬಾಂಬೆ ವಿಶ್ವವಿದ್ಯಾಲಯದಿಂದ ಬಿ.ಎಸ್ಸಿ. ಮುಗಿಸಿದ ಕಮಲಾ ಭಾಗವತ್, ಮುಂದೆ ಕಮಲಾ ಸೊಹೊನಿ ಎಂದು ಹೆಸರಾದವರು, ಟಾಟಾ ಇನ್‌ಸ್ಟಿಟ್ಯೂಟ್ ಎಂದು ಕರೆಯುತ್ತಿದ್ದ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಅರ್ಜಿ ಹಾಕಿದರು. ಅವರ ತಂದೆಯೂ ತಂದೆಯ ಸಹೋದರರೂ ಅಲ್ಲೇ ಓದಿದವರು. ಆಗ ನಿರ್ದೇಶಕರಾಗಿದ್ದ ಸಿ.ವಿ. ರಾಮನ್ ಹೆಣ್ಣುಮಗಳೆಂಬ ಕಾರಣಕ್ಕೆ ಸೇರಿಸಿಕೊಳ್ಳಲು ಒಪ್ಪಲಿಲ್ಲ. ಆಕೆ ಬೆಂಗಳೂರಿಗೇ ಬಂದರು. ಏಕೆ ಆಗದು ಎಂದು ಮುಖಾಮುಖಿ ಕೇಳಿದರು, ಕದಲಲಿಲ್ಲ. ಒಂದು ವರ್ಷ ಪರೀಕ್ಷಾರ್ಥವಾಗಿ ಎಂಬ ಷರತ್ತಿನ ಮೇಲೆ ಪ್ರವೇಶ ಸಿಕ್ಕಿತು. ಆ ಷರತ್ತಿನಿಂದ ತನಗೆ ಎಷ್ಟು ನೋವಾಯಿತೆಂದು ಆಕೆ ಮುಂದೆ ಮುಚ್ಚುಮರೆಯಿಲ್ಲದೆ ಹೇಳಿಕೊಂಡರು. ಆದರೆ ಆ ವರ್ಷವೆಲ್ಲ ಉತ್ತರ ಕೊಟ್ಟದ್ದು ಕೆಲಸದಿಂದ. ಎಂ. ಶ್ರೀನಿವಾಸಯ್ಯನವರ ಮಾರ್ಗದರ್ಶನದಲ್ಲಿ ಹಾಲಿನ, ಬೇಳೆಕಾಳುಗಳ ಪ್ರೋಟೀನುಗಳನ್ನು ಅಭ್ಯಾಸ ಮಾಡಿದರು. ವರ್ಷ ಕಳೆದ ಮೇಲೆ ರಾಮನ್ ಒಪ್ಪಿದರು, ಮುಂದೆ ಹೆಣ್ಣುಮಕ್ಕಳಿಗೆ ಆ ಬಾಗಿಲು ತೆರೆಯಿತು. ಕಮಲಾ ಕೇಂಬ್ರಿಜ್‌ಗೆ ಹೋಗಿ 1939ರಲ್ಲಿ ಪಿಎಚ್.ಡಿ. ಪಡೆದರು. ವಿನಯವೆಂದರೆ ತಗ್ಗಿ ಸುಮ್ಮನಾಗುವುದು ಎಂದುಕೊಂಡವರು ಈ ಹೆಣ್ಣುಮಗಳ ನಿಲುವನ್ನು ನೋಡಬೇಕು. ದನಿ ಏರಿಸದೆ, ಜಾಗವನ್ನೂ ಬಿಡದೆ ಕೇಳುವುದು ಅಪರೂಪದ ಸಾಧನೆ.

ಇನ್ನು ನಮ್ಮ ಕಾಲದ, ನಮ್ಮೂರಿನ ಪತ್ರಕ್ಕೆ ಬರುತ್ತೇನೆ. ಕೆಳಗಿನದು ಯಾರೋ ಒಬ್ಬರದಲ್ಲ. ನಾನು ಕಂಡು ಮೆಚ್ಚಿದ ಪತ್ರಗಳ ಗುಣಗಳನ್ನೆಲ್ಲ ಕೂಡಿಸಿ ಕಟ್ಟಿದ್ದು.

“ವಿಷಯ: ಬೇಸಿಗೆ ಸಂಶೋಧನಾ ತರಬೇತಿ – ಮೇ 15ರಂದು ಬಂದು ಸೇರುವ ಬಗ್ಗೆ.

ಮಾನ್ಯ ಮೇಡಂ ಅವರಿಗೆ ನಮಸ್ಕಾರಗಳು.

ಈ ಬೇಸಿಗೆಯಲ್ಲಿ ತಮ್ಮ ಪ್ರಯೋಗಾಲಯದಲ್ಲಿ ಎರಡು ತಿಂಗಳು ಕಲಿಯಲು ಆಯ್ಕೆಯಾದ ವಿದ್ಯಾರ್ಥಿನಿ ನಾನು. ಸಿಂಧನೂರು ತಾಲ್ಲೂಕಿನ ಆರ್.ಎಚ್. ಕ್ಯಾಂಪಿನವಳು. ಮಾರ್ಚ್ 20ರಂದು ತಮಗೆ ಬರೆದ ಪತ್ರವನ್ನು ಇದರ ಕೆಳಗೆ ಇಟ್ಟಿದ್ದೇನೆ.

ಅದಾದ ಮೇಲೆ ಸವಳು ಮಣ್ಣಿನ ಬಗ್ಗೆ ತಾವು ಬರೆದ ಲೇಖನವನ್ನು ಓದಿದೆ. ಅದರಲ್ಲಿ ಹೇಳಿದ ಲಕ್ಷಣಗಳು ನಮ್ಮ ಕಾಲುವೆ ಪಕ್ಕದ ಗದ್ದೆಗಳಲ್ಲಿ ಕಾಣುತ್ತವೆ. ಬೇಸಿಗೆ ಭತ್ತದ ಕೊಯ್ಲು ಈ ತಿಂಗಳ ಕೊನೆಗೆ ಮುಗಿಯುತ್ತದೆ. ತಮಗೆ ಉಪಯೋಗವಾಗುವುದಾದರೆ, ಮತ್ತೆ ನೀರು ಬರುವ ಮೊದಲು ಮಣ್ಣಿನ ಮಾದರಿ ತೆಗೆದು ತರುತ್ತೇನೆ.

ನನ್ನ ಪರೀಕ್ಷೆ ಮೇ 9ಕ್ಕೆ ಮುಗಿಯುತ್ತದೆ. ಮೇ 15ರಂದು ಬಂದು ಸೇರಬಹುದೇ? ಹಾಸ್ಟೆಲಿಗೆ ಏಪ್ರಿಲ್ 20ರೊಳಗೆ ಹೆಸರು ಕೊಡಬೇಕಿರುವುದರಿಂದ ಈಗ ಕೇಳುತ್ತಿದ್ದೇನೆ. ಈ ಬೇಸಿಗೆ ತಮಗೆ ಅನುಕೂಲವಿಲ್ಲದಿದ್ದರೆ ಅದನ್ನು ತಿಳಿಸಿದರೂ ನನಗೆ ಉಪಕಾರವೇ.

ವಂದನೆಗಳೊಂದಿಗೆ.”

ವಿಷಯದ ಸಾಲಿನಿಂದಲೇ ಸವಿ ಶುರುವಾಗುತ್ತದೆ. ಅದರಲ್ಲಿ “ತುರ್ತು” ಇಲ್ಲ, “ಎರಡನೆಯ ಸಲ” ಇಲ್ಲ. ಏನು ನಿರ್ಧಾರವಾಗಬೇಕೋ ಅದಷ್ಟೇ ಇದೆ. ಪತ್ರ ತೆರೆಯದೆಯೂ ಮೇಡಂಗೆ ವಿಷಯ ತಿಳಿಯಿತು. ಮೊದಲ ವಾಕ್ಯ ಓದುವವರಿಗೆ ನೆನಪಿನ ಪರೀಕ್ಷೆ ಒಡ್ಡುವುದಿಲ್ಲ. ತಾನು ಯಾರು, ಎಲ್ಲಿಯವಳು, ಏಕೆ ಬರೆಯುತ್ತಿದ್ದೇನೆ ಎಂಬುದನ್ನು ಅವಳೇ ಎದುರಿಗಿಟ್ಟಳು. ಹಳೆಯ ಪತ್ರವನ್ನು ಹುಡುಕುವ ಶ್ರಮವನ್ನೂ ತಪ್ಪಿಸಿದಳು. “ತಾವು ಉತ್ತರಿಸಲಿಲ್ಲ” ಎಂಬ ಮಾತು ಬರಬಹುದಾಗಿದ್ದ ಜಾಗದಲ್ಲಿ ಬರೀ ಒಂದು ದಿನಾಂಕ ನಿಂತಿದೆ. ದೂರು ಇಲ್ಲದೆ, ಸುಳ್ಳೂ ಇಲ್ಲದೆ, ನಡೆದದ್ದನ್ನು ಹೇಳಲು ದಿನಾಂಕಕ್ಕಿಂತ ಸಭ್ಯವಾದ ಮಾತಿಲ್ಲ.

ನಡುವಿನ ಭಾಗ ಈ ಪತ್ರದ ತಿರುಳು. ಅವಳು ಬರಿಗೈಯಲ್ಲಿ ಮತ್ತೆ ಬಂದಿಲ್ಲ. ಮೌನದ ದಿನಗಳಲ್ಲಿ ಮೇಡಂ ಬರೆದದ್ದನ್ನು ಓದಿದ್ದಾಳೆ. ಹೊಗಳಿಕೆಯ ಒಂದು ಪದವೂ ಇಲ್ಲ, ಓದಿದ್ದೇ ಗೌರವ. ಓದಿದ್ದನ್ನು ತನ್ನ ಮನೆಯ ಮುಂದಿನ ನೆಲಕ್ಕೆ ಜೋಡಿಸಿದ್ದಾಳೆ. ನೀರಾವರಿ ಬಂದು, ಭತ್ತದ ಮೇಲೆ ಭತ್ತ ಬೆಳೆದು, ಕಪ್ಪು ಮಣ್ಣಿನಲ್ಲಿ ನೀರು ಬಸಿಯದೆ ನಿಂತು, ಕೆಳಗಿನ ಲವಣ ಮೇಲಕ್ಕೆ ಬಂದು ಗದ್ದೆಗಳು ಸವಳಾಗುವುದು ಈ ಕಾಲುವೆ ಸೀಮೆಯ ದೊಡ್ಡ ಸಂಕಟ. ಮಣ್ಣಿನ ವಿದ್ಯುತ್ ವಾಹಕತೆ ಮೀಟರಿಗೆ 4 ಡೆಸಿಸೀಮನ್ಸ್ ದಾಟಿದರೆ ಅದು ಸವಳು ಮಣ್ಣು ಎಂದು ಪುಸ್ತಕ ಹೇಳುತ್ತದೆ. ಗದ್ದೆಯ ಮೇಲೆ ಬಿಳಿ ಪದರ ಕಂಡವಳಿಗೆ ಆ ಅಂಕಿಯ ಅರ್ಥ ಪುಸ್ತಕಕ್ಕಿಂತ ಮೊದಲೇ ಗೊತ್ತು. ಮಾದರಿ ತರುತ್ತೇನೆ ಎಂಬ ಮಾತೂ ಹಗುರವಾದದ್ದಲ್ಲ. ಹೊಲದ ಹಲವು ಕಡೆ 15 ಸೆಂಟಿಮೀಟರ್ ಆಳದ ಗುಂಡಿ ತೋಡಿ, ಅದರ ಗೋಡೆಯಿಂದ ಮಣ್ಣು ಕೆತ್ತಿ, ಎಲ್ಲವನ್ನೂ ಕಲಸಿ, ನಾಲ್ಕು ಪಾಲು ಮಾಡಿ ಎದುರುಬದುರಿನ ಎರಡನ್ನು ಚೆಲ್ಲುತ್ತ, ಅರ್ಧ ಕಿಲೋ ಉಳಿಸಿಕೊಂಡು, ನೆರಳಿನಲ್ಲಿ ಒಣಗಿಸಿ ಬಟ್ಟೆಯ ಚೀಲಕ್ಕೆ ತುಂಬಬೇಕು. ಅದಕ್ಕೆ ಕೊಯ್ಲಿಗೂ ಮುಂದಿನ ನೀರಿಗೂ ನಡುವಿನ ದಿನಗಳೇ ಬೇಕು. ಆದ್ದರಿಂದ ಈ ಪತ್ರಕ್ಕೆ ಬೇಗ ಉತ್ತರ ಬೇಕೆನ್ನುವುದು ಹುಡುಗಿಯ ಆತುರವಲ್ಲ, ಹೊಲದ ಹಂಗಾಮು. ಕೆಲಸವೇ ಕೇಳುತ್ತಿದೆ, ಅವಳು ಅದರ ಪರವಾಗಿ ನಿಂತಿದ್ದಾಳೆ. ಸನ್ನತಿಯ ಕಲ್ಲು ಹೇಳುವ ಮಾಧುರ್ಯ ಇದೇ ಎಂದು ನನಗೆ ಅನಿಸುತ್ತದೆ.

ಪ್ರಶ್ನೆ ಒಂದೇ, ಅದಕ್ಕೆ ಉತ್ತರವೂ ಒಂದೇ ಪದದಲ್ಲಿ ಕೊಡಬಹುದು. “ತಮ್ಮ ಅಭಿಪ್ರಾಯ ತಿಳಿಸಿ” ಎಂದು ಬರೆದಿದ್ದರೆ ಮೇಡಂ ಕೂತು ಯೋಚಿಸಬೇಕಿತ್ತು. ಈಗ ನಡೆದುಹೋಗುತ್ತ ಫೋನಿನಲ್ಲೇ “ಬನ್ನಿ” ಎಂದು ಬರೆದರೆ ಮುಗಿಯಿತು. ಏಪ್ರಿಲ್ 20ರ ಗಡುವು ಅವಳು ವಿಧಿಸಿದ್ದಲ್ಲ, ಹಾಸ್ಟೆಲಿನದು. ಅದನ್ನು ಕಾರಣವಾಗಿ ಹೇಳಿದಳೇ ಹೊರತು ಒತ್ತಡವಾಗಿ ಹೇರಲಿಲ್ಲ. ಕೊನೆಯ ವಾಕ್ಯವಂತೂ ತುಂಬು ಮನಸ್ಸಿನದು. ಇಲ್ಲ ಎನ್ನಲು ಸಂಕೋಚವಾಗಿ ಉತ್ತರ ತಡಮಾಡುವ ಹಿರಿಯರು ಬಹಳ ಜನ. ಇಲ್ಲ ಎನ್ನುವುದನ್ನೂ ಉಪಕಾರವೆಂದು ಸ್ವೀಕರಿಸುತ್ತೇನೆ ಎಂದವಳು ಆ ಸಂಕೋಚವನ್ನೇ ಬಿಡಿಸಿದಳು. ಆ ವಾಕ್ಯ ಬರೆಯಲು ಧೈರ್ಯ ಬೇಕು, ಏಕೆಂದರೆ ಅವಳಿಗೆ ಬೇಕಾದದ್ದು ಹೌದು ಎಂಬ ಉತ್ತರ.

ಇಂಥ ಪತ್ರಕ್ಕೂ ಉತ್ತರ ಬಾರದೆ ಇರಬಹುದು. ಆಗ ವಾರ ಹತ್ತು ದಿನ ಬಿಟ್ಟು, ಹಗಲು ಕಚೇರಿಯ ಹೊತ್ತಿನಲ್ಲಿ, ವಿಭಾಗಕ್ಕೆ ಒಂದು ಫೋನ್ ಮಾಡಬಹುದು. “ಮೇಡಂ ಊರಾಗದಾರೇನ್ರಿ? ಒಂದು ಮೇಲ್ ಹಾಕಿದ್ದೆ, ಮುಟ್ಟೈತೋ ಇಲ್ಲೋ ಅಂತ ಕೇಳಾಕ ಮಾಡಿದ್ನಿರಿ” ಎಂದರೆ ಕಚೇರಿಯವರು ದಾರಿ ತೋರಿಸುತ್ತಾರೆ. ರಾತ್ರಿ ವಾಟ್ಸಾಪಿನಲ್ಲಿ ಬರೀ ಪ್ರಶ್ನಾರ್ಥಕ ಚಿಹ್ನೆ ಕಳಿಸುವುದಕ್ಕೂ ಇದಕ್ಕೂ ಅಜಗಜಾಂತರ. ಆಮೇಲೆ ಬರೆಯುವ ಪತ್ರಕ್ಕೆ ಕಾರ್ಯಕ್ರಮದ ಕಚೇರಿಗೂ ಪ್ರತಿ ಹಾಕಬೇಕು, ಹಾಕಿದ್ದೇನೆಂದು ಅದರಲ್ಲೇ ತೆರೆದು ಹೇಳಬೇಕು. ಬೇರೆ ಮಾರ್ಗದರ್ಶಕರನ್ನು ಕೇಳುವುದಾದರೆ ಅದನ್ನೂ ತಿಳಿಸಿ, ಈವರೆಗಿನ ಅವಕಾಶಕ್ಕೆ ಕೃತಜ್ಞತೆ ಹೇಳಿ ಮುಗಿಸಬೇಕು. ಹಾಗೆ ಮುಗಿಸಿದ ಪತ್ರದಲ್ಲಿ ಬಾಗಿಲು ಬಡಿದ ಸದ್ದಿರುವುದಿಲ್ಲ. ಮುಂದೆ ಎಂದಾದರೂ ಒಂದು ಸಭೆಯಲ್ಲಿ ಎದುರಾದರೆ ಇಬ್ಬರೂ ಮುಖ ನೋಡಿ ನಗಬಹುದು.

ಮಾರ್ಗದರ್ಶಕರಿಗೂ ಒಂದು ಮಾತನ್ನು ಆದರದಿಂದಲೇ ಹೇಳಬೇಕು. ದೂರದ ಕ್ಯಾಂಪಿನ ಹುಡುಗಿಗೆ ತಮ್ಮ ಒಂದು ಸಾಲು ಎಂದರೆ ಬಸ್ಸಿನ ಟಿಕೆಟ್ಟು, ಹಾಸ್ಟೆಲಿನ ಕೋಣೆ, ಅಪ್ಪನ ಒಪ್ಪಿಗೆ. ಐನ್‌ಸ್ಟೀನರ ಉತ್ತರ ಒಂದು ಅಂಚೆ ಕಾರ್ಡಿನಷ್ಟೇ ಇತ್ತು.

ಶಾಲೆಯಲ್ಲಿ ನಾವು ಮಕ್ಕಳಿಗೆ ರಜೆ ಚೀಟಿ ಬರೆಯಲು ಕಲಿಸುತ್ತೇವೆ, ಬಸ್ಸು ಬಿಡಿ ಎಂದು ಡಿಪೋ ಮ್ಯಾನೇಜರಿಗೆ ಮನವಿ ಬರೆಯಲು ಕಲಿಸುತ್ತೇವೆ. ಅದಕ್ಕೆ ಉತ್ತರ ಬಾರದಿದ್ದರೆ ಮುಂದೇನು ಎಂಬುದನ್ನು ಕಲಿಸುವುದಿಲ್ಲ. ಅಲ್ಲಿಂದ ಮುಂದಿನ ಪಾಠ ಶುರುವಾಗಬೇಕು. ಕಾಲೇಜುಗಳು ಒಳ್ಳೆಯ ನೆನಪೋಲೆಗಳನ್ನು ಹೆಸರು ತೆಗೆದು ಕೂಡಿಡಲಿ, ತರಗತಿಯಲ್ಲಿ ಗದ್ಯವನ್ನು ಓದುವ ಹಾಗೆ ಅವನ್ನು ಓದಲಿ, ಒಂದೊಂದು ಸಾಲು ಏಕೆ ಅಲ್ಲಿದೆ ಎಂದು ಚರ್ಚಿಸಲಿ. ತನಗೆ ಕೇಳುವ ಹಕ್ಕಿದೆ ಎಂದು ತಿಳಿದು, ಇಲ್ಲ ಎನ್ನುವ ಹಕ್ಕು ಎದುರಿನವರಿಗೂ ಇದೆ ಎಂದು ಒಪ್ಪಿ, ನಡುವೆ ಕೆಲಸದ ಪ್ರೀತಿಯೊಂದನ್ನೇ ಇಟ್ಟು ಮತ್ತೆ ಬರೆಯಬಲ್ಲ ವಿದ್ಯಾರ್ಥಿನಿ ಯಾವ ಪ್ರಯೋಗಾಲಯಕ್ಕೆ ಕಾಲಿಡಲೂ ಸಿದ್ಧಳಾಗಿದ್ದಾಳೆ.